ಮೊದಲ ಕೆಲಸದ ಔಟ್‌ಟರ್ನ್ ಎಷ್ಟು?

ಕಾಫಿ ಮಾರಿದವರಿಗೆಲ್ಲ ಇದು ಗೊತ್ತಿರುವ ವಿಷಯ. ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ ಚೀಲ, ಐವತ್ತು ಕೆಜಿ ತೂಗಿದರೂ ವ್ಯಾಪಾರಿ ಬೆಲೆ ಕಟ್ಟುವುದು ಆ ಐವತ್ತಕ್ಕಲ್ಲ. ಚೀಲದಿಂದ ಮಾದರಿ ತೆಗೆದು, ಸಿಪ್ಪೆ ಸುಲಿಸಿ, ಬೀಜವನ್ನು ತೂಗಿ, ಚೀಲಕ್ಕೆ ಇಪ್ಪತ್ತಾರು ಕೆಜಿ ಬರುತ್ತದೆಯೋ ಇಪ್ಪತ್ತೆಂಟು ಬರುತ್ತದೆಯೋ ಎಂದು ನೋಡುತ್ತಾನೆ. ಅದೇ ಔಟ್‌ಟರ್ನ್, ಚೀಟಿಯಲ್ಲಿ ಬರೆಯುವಾಗ ಬರೀ ‘ಒಟಿ’.

ನಾನೀಗ ಕುಶಾಲನಗರದ ಒಂದು ಕಾಫಿ ಸಂಸ್ಕರಣಾ ಘಟಕದಲ್ಲಿ ಉಗ್ರಾಣದ ಲೆಕ್ಕ ನೋಡಿಕೊಳ್ಳುತ್ತೇನೆ. ವರ್ಷಕ್ಕೆ ಎರಡು ಸಲ ಹೊಸಬರನ್ನು ತೆಗೆದುಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಅರ್ಜಿಯಲ್ಲಿ ‘ಎರಡು ವರ್ಷದ ಅನುಭವ’ ಎಂದು ಓದಿದಾಗಲೆಲ್ಲ ಚೆರಿ ಚೀಲವೇ ಕಣ್ಣಿಗೆ ಬರುತ್ತದೆ. ಸಿಪ್ಪೆ ಸುಲಿದರೆ ಒಳಗೆ ಎಷ್ಟು ಬೀಜವಿದೆ? ಹೆಚ್ಚಿನವರಿಗೆ ಅವರದೇ ಚೀಲದ ಒಟಿ ಗೊತ್ತಿರುವುದಿಲ್ಲ. ಕಲಿತಿರುತ್ತಾರೆ, ಆದರೆ ಏನು ಕಲಿತೆವೆಂದು ಹೇಳಲು ಬಾರದು.

ತೋಟದ ಲೆಕ್ಕ ಬರೆಯುವ ರೈಟರ್, ಹೋಂಸ್ಟೇಯ ಕೌಂಟರ್, ಗೋಣಿಕೊಪ್ಪದ ಗೊಬ್ಬರದಂಗಡಿ, ಮಡಿಕೇರಿಯ ಮೊಬೈಲ್ ಅಂಗಡಿ, ಪೆಟ್ರೋಲ್ ಬಂಕ್ – ಕೊಡಗಿನಲ್ಲಿ ಮೊದಲ ಸಂಬಳ ಹೀಗೆ ಎಲ್ಲಿಂದಲಾದರೂ ಬರುತ್ತದೆ. ಅಂಥ ಕೆಲಸದಿಂದ ಮುಂದಿನ ಮೂವತ್ತು ವರ್ಷಕ್ಕೆ ಬೇಕಾದದ್ದನ್ನು ಹೇಗೆ ತೆಗೆದಿಟ್ಟುಕೊಳ್ಳಬೇಕು ಎಂಬುದನ್ನು ನನಗೆ ತಿಳಿದ ಕ್ರಮದಲ್ಲಿ ಬರೆಯುತ್ತೇನೆ. ನನ್ನ ಮೊದಲ ಕೆಲಸ ಸುಂಟಿಕೊಪ್ಪದ ಆಚೆ ಒಂದು ತೋಟದ ರೈಟರಿಕೆ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋಗಲಾಗದ ಬೇಸರದಲ್ಲಿಯೇ ಸೇರಿಕೊಂಡೆ. ಆ ಬೇಸರ ಹೋಗಲು ಒಂದು ಕೊಯ್ಲು ಬೇಕಾಯಿತು.

ಹೆಜ್ಜೆ 1: ದಿನಕ್ಕೆ ಎರಡು ಸಾಲು ಬರೆದಿಡಿ

ಕೊಯ್ಲಿನ ಕಾಲದಲ್ಲಿ ರೈಟರನ ನಿಜವಾದ ಕೆಲಸ ಆರಂಭವಾಗುವುದು ಸಂಜೆ ನಾಲ್ಕರ ಮೇಲೆ. ಹಣ್ಣು ತುಂಬಿದ ಚೀಲಗಳನ್ನು ತಲೆಯ ಮೇಲೆ ಹೊತ್ತು ಜನ ಕಣಕ್ಕೆ ಬರುತ್ತಾರೆ. ಒಬ್ಬ ತಕ್ಕಡಿಗೆ ಏರಿಸುತ್ತಾನೆ, ರೈಟರ್ ಹೆಸರಿನ ಮುಂದೆ ಕೆಜಿ ಬರೆಯುತ್ತಾನೆ. ನಾನು ಸೇರಿದ ಎರಡನೆಯ ವಾರ, ಕೂಲಿ ಹಂಚುವ ಬಟವಾಡೆಯ ದಿನ, ಐವತ್ತು ದಾಟಿದ ಒಬ್ಬ ಹೆಂಗಸು ಹಣ ಎಣಿಸಿ ನನ್ನ ಮೇಜಿನ ಮುಂದೆಯೇ ನಿಂತರು.

“ರೈಟರೇ, ಬುಧವಾರ ನನ್ನದು ಅರವತ್ತೆರಡು. ನೀವು ಎಷ್ಟು ಬರೆದಿದ್ದೀರಿ ನೋಡಿ.”

ಪುಸ್ತಕದಲ್ಲಿ 26 ಎಂದಿತ್ತು. ಅಂಕಿ ತಿರುಗಿಸಿ ಬರೆದಿದ್ದೆ. ಆಗ ಕೆಜಿಗೆ 4 ರೂಪಾಯಿ. ಮೂವತ್ತಾರು ಕೆಜಿಗೆ 144 ರೂಪಾಯಿ ಅವರ ಕೈಯಿಂದ ಹೋಗಿತ್ತು. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ವಾರದ ಆರೂ ದಿನದ ತೂಕ ಬಾಯಲ್ಲಿತ್ತು. “ತಪ್ಪಾಯಿತು ಅಕ್ಕ” ಎಂದು ಹಣ ಕೊಟ್ಟೆ. ಆ ರಾತ್ರಿ ಕೂತು ಹಿಂದಿನ ಪುಟಗಳನ್ನೆಲ್ಲ ನೋಡಿದೆ. ಇನ್ನೂ ಇಂಥವು ಎಷ್ಟು ಇದ್ದಾವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಮರುದಿನದಿಂದ ಬರೆದ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ. ಕೇಳಿದವರು ತಲೆಯಾಡಿಸಿದ ಮೇಲೆಯೇ ಮುಂದಿನ ಚೀಲ. ಅಸ್ಸಾಂನಿಂದ ಬಂದವರಿಗಾಗಿ ನೂರರವರೆಗೆ ಹಿಂದಿಯಲ್ಲಿ ಎಣಿಸುವುದನ್ನು ಅವರಿಂದಲೇ ಸರಿಯಾಗಿ ಕಲಿತೆ. ಅರವತ್ತರ ಮೇಲಿನ ಹಿಂದಿ ಅಂಕಿಗಳು ನಮ್ಮ ಕಿವಿಗೆ ಎಲ್ಲವೂ ಒಂದೇ ಥರ ಕೇಳುತ್ತವೆ, ಪ್ರಯತ್ನಿಸಿ ನೋಡಿ.

ಇದನ್ನೆಲ್ಲ ನಾನು ಇಂದು ಇಷ್ಟು ವಿವರವಾಗಿ ಹೇಳಲು ಕಾರಣ ಒಂದು ನಲವತ್ತು ಪುಟದ ನೋಟ್‌ಬುಕ್. ಆ ವಾರ ಸಂತೆಯಲ್ಲಿ ಕೊಂಡದ್ದು. ಅದರಲ್ಲಿ ದಿನಚರಿ ಬರೆಯಬೇಡಿ; ಬೈಗುಳ, ಬೇಸರಗಳೂ ಬೇಡ. ಎರಡೇ ಪ್ರಶ್ನೆಗೆ ಉತ್ತರ: ಇಂದು ಏನು ಕೆಟ್ಟಿತು, ಅದಕ್ಕೆ ಏನು ಬದಲಿಸಿದೆ. ನನ್ನ ಪುಸ್ತಕದ ಎರಡು ದಿನ ಹೀಗಿವೆ:

“ಜನವರಿ 18. ತೂಕಕ್ಕೆ 70 ಜನ, ಒಂದೂವರೆ ಗಂಟೆ. ಎರಡು ಸಾಲು ಮಾಡಿಸಿದೆ. ತಕ್ಕಡಿ ಒಂದೇ, ಪ್ರಯೋಜನವಾಗಲಿಲ್ಲ. ನಾಳೆ ಚೀಲಕ್ಕೆ ತೋಟದಲ್ಲಿಯೇ ಹೆಸರಿನ ಚೀಟಿ ಕಟ್ಟಿಸಬೇಕು.”

“ಜನವರಿ 19. ಚೀಟಿ ಕಟ್ಟಿಸಿದೆ. 55 ನಿಮಿಷ.”

ಗಡಿಯಾರ ನೋಡಿ ಬರೆದ ಆ ‘55 ನಿಮಿಷ’ ಮುಂದೆ ಮೈಸೂರಿನ ಒಂದು ಉಗ್ರಾಣದಲ್ಲಿ ನನಗೆ ಕೆಲಸ ಕೊಡಿಸಿತು. ಅಂಕಿ ಇರಲಿ, ಅಂದಾಜು ಅಂಕಿಯಾದರೆ ಅಂದಾಜು ಎಂದು ಪಕ್ಕದಲ್ಲಿ ಬರೆಯಿರಿ. ಇನ್ನೊಂದು ಎಚ್ಚರ: ಮಾಲೀಕರ ಮಾರಾಟದ ದರ, ಬೇರೆಯವರ ಸಂಬಳ, ಅತಿಥಿಗಳ ಫೋನ್ ನಂಬರ್ ಇವು ಯಾವುವೂ ನಿಮ್ಮ ಪುಸ್ತಕಕ್ಕೆ ಬರಬಾರದು. ಅವು ನಿಮ್ಮವಲ್ಲ.

ಹೆಜ್ಜೆ 2: ಸುಧಾರಿಸುವ ಮೊದಲು ಕೇಳಿ

ಓದಿ ಬಂದ ಹೊಸಬರಿಗೆ ಮೊದಲ ತಿಂಗಳಲ್ಲಿ ಬರುವ ಒಂದು ಕಾಯಿಲೆ ಇದೆ. ಎಲ್ಲವನ್ನೂ ಸರಿಪಡಿಸುವ ಉಮೇದು. ನನಗೂ ಬಂದಿತ್ತು.

ನಮ್ಮ ಮೇಸ್ತ್ರಿ ಬೆಳಿಗ್ಗೆ ಜನರನ್ನು ಸಾಲಿಗೆ ಹಚ್ಚುವಾಗ ಚುರುಕಾಗಿ ಕೊಯ್ಯುವ ಇಬ್ಬರ ನಡುವೆ ನಿಧಾನದವರೊಬ್ಬರನ್ನು ಹಾಕುತ್ತಿದ್ದರು. ನಾನು ತೂಕದ ಪುಸ್ತಕ ನೋಡಿ ಲೆಕ್ಕ ಹಾಕಿದೆ: ಚುರುಕಿನವರನ್ನೆಲ್ಲ ಒಂದು ಕಡೆ, ನಿಧಾನದವರನ್ನು ಇನ್ನೊಂದು ಕಡೆ ಬಿಟ್ಟರೆ ದಿನಕ್ಕೆ ಹೆಚ್ಚು ಹಣ್ಣು ಇಳಿಯುತ್ತದೆ. ಕಾಗದದ ಮೇಲೆ ಸಾಲುಗಳನ್ನು ಗೀಚಿಕೊಂಡು ಮೇಸ್ತ್ರಿಗೆ ತೋರಿಸಿದೆ. ಅವರು ಕಾಗದ ನೋಡಲಿಲ್ಲ. ತೋಟದ ಕೆಳಗಿನ ಮೂಲೆಯಲ್ಲಿದ್ದ ಮುರಿದ ಬೇಲಿಯ ಕಡೆ ಕೈ ತೋರಿಸಿದರು.

“ಆನೆ ಅಲ್ಲಿಂದ ಬರುತ್ತದೆ. ನಿಧಾನದವರು ಹಿಂದೆ ಉಳಿದರೆ ಕೂಗಿದರೂ ಯಾರಿಗೂ ಕೇಳುವುದಿಲ್ಲ ರೈಟರೇ.”

ನನ್ನ ಲೆಕ್ಕದಲ್ಲಿ ಆನೆ ಇರಲಿಲ್ಲ. ಸಿದ್ದಾಪುರ, ಸುಂಟಿಕೊಪ್ಪ ಕಡೆಯ ತೋಟಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಯಾವುದೇ ಕಚೇರಿಗೆ ಹೋದರೂ ವಿಚಿತ್ರವೆನಿಸುವ ಪದ್ಧತಿ ಕಂಡರೆ ಮೊದಲು “ಇದನ್ನು ಹೀಗೆ ಯಾವಾಗಿನಿಂದ ಮಾಡುತ್ತಿದ್ದೀರಿ?” ಎಂದು ಕೇಳುತ್ತೇನೆ. ‘ಏಕೆ’ ಎಂದು ಕೇಳಿದರೆ ಜನ ಸಮರ್ಥನೆಗೆ ಇಳಿಯುತ್ತಾರೆ. ‘ಯಾವಾಗಿನಿಂದ’ ಎಂದರೆ ಕಥೆ ಹೇಳುತ್ತಾರೆ, ಕಾರಣ ಅದರೊಳಗೇ ಇರುತ್ತದೆ. ಕೆಲವು ಸಲ ಕಾರಣ ಎಂದೋ ಸತ್ತು ಪದ್ಧತಿ ಮಾತ್ರ ಉಳಿದಿರುತ್ತದೆ. ಆಗ ಧೈರ್ಯವಾಗಿ ಬದಲಿಸಿ.

ಮಾಡಬೇಕಾದದ್ದು ಇಷ್ಟು: ಮೊದಲ ಮೂರು ತಿಂಗಳಲ್ಲಿ ನಿಮ್ಮ ಜಾಗದಲ್ಲಿ ಅತಿ ಹೆಚ್ಚು ಕಾಲ ಕೆಲಸ ಮಾಡಿದವರು ಯಾರೆಂದು ಗುರುತಿಸಿ. ಅವರ ಹುದ್ದೆ ದೊಡ್ಡದಾಗಿರಲೇಬೇಕೆಂದಿಲ್ಲ. ಅಡುಗೆಯವರೋ ಚಾಲಕರೋ ಆಗಿರಬಹುದು. ವಾರಕ್ಕೊಮ್ಮೆ ಚಹಾದ ಹೊತ್ತಿಗೆ ಅವರ ಪಕ್ಕದಲ್ಲಿ ಕೂರಿ.

ಹೆಜ್ಜೆ 3: ತಪ್ಪಾದ ದಿನವೇ ಹೇಳಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನಾನು ಕಲಿತದ್ದು ನಲವತ್ತು ಚೀಲ ಕಾಫಿಯ ಮೇಲೆ.

ರೊಬಸ್ಟಾ ಚೆರಿ ಕಣದಲ್ಲಿ ಒಣಗುತ್ತಿದ್ದ ಫೆಬ್ರುವರಿ. ಗಿಡ ಹೂ ಬಿಡಲು ಹೂಮಳೆ ಬೇಕು, ಆದರೆ ಕಣದಲ್ಲಿ ಕಾಫಿ ಇರುವಾಗ ಬೇಡ. ಮೋಡ ಕಂಡರೆ ತೋಟಕ್ಕೆ ಖುಷಿ, ಕಣಕ್ಕೆ ಭಯ. ಚೆರಿ ಒಣಗಿದೆಯೇ ಎಂದು ನೋಡಲು ಹಳಬರು ಒಂದು ಹಿಡಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ, ಒಳಗಿನ ಬೀಜ ಗಿಲಿಗಿಲಿ ಎನ್ನಬೇಕು. ಲೆಕ್ಕದಲ್ಲಿ ಹೇಳುವುದಾದರೆ ತೇವಾಂಶ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿಗೆ) ಶೇಕಡಾ 10, ರೊಬಸ್ಟಾ ಚೆರಿಗೆ 11. ನಾನು ಕಣದ ಅಂಚಿನಲ್ಲಿ, ಚೆನ್ನಾಗಿ ಬಿಸಿಲು ಬೀಳುವ ಕಡೆಯಿಂದ ಒಂದು ಹಿಡಿ ತೆಗೆದು ಅಲುಗಾಡಿಸಿದೆ. ಸದ್ದು ಬಂತು. ಮಳೆ ಬರುವ ಮೊದಲು ತುಂಬಿಸಿಬಿಡೋಣ ಎಂದು ಚೀಲ ಹೊಲಿಸಿ ಕಳುಹಿಸಿದೆ. ಮಧ್ಯದ ರಾಶಿ ದಪ್ಪವಾಗಿ ಹರಡಿತ್ತು, ಅಲ್ಲಿ ಒಣಗಿರಲಿಲ್ಲ.

ವ್ಯಾಪಾರಿಯ ಮೀಟರ್ 14 ತೋರಿಸಿತು. ಚೀಲಗಳು ಅದೇ ಗಾಡಿಯಲ್ಲಿ ವಾಪಸ್ ಬಂದವು. ತೋಟದ ಸಾಹುಕಾರರು ಊರಲ್ಲಿರಲಿಲ್ಲ. ಚೀಲಗಳನ್ನು ಗೋಡೌನಿನ ಹಿಂದಿನ ಸಾಲಿಗೆ ಹಾಕಿಸಿ, ಬಂದ ಮೇಲೆ ಹೇಳಿದರಾಯಿತು ಎಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅವರು ಬಂದಾಗ ಹನಿ ಬೀಳುತ್ತಿತ್ತು. ಚೀಲ ಬಿಚ್ಚಿಸಿದರು, ಮುಗ್ಗಲು ವಾಸನೆ ಹೊಡೆಯಿತು. ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ನಿಂತಿದ್ದೆ.

“ಮೊನ್ನೆಯೇ ಹೇಳಿದ್ದರೆ ನಿನ್ನೆ ಬಿಸಿಲಿತ್ತಲ್ಲ ಮಾರಾಯ” ಎಂದರು, ಅಷ್ಟೇ.

ಆ ಮಾತು ನನ್ನ ಜೊತೆ ಮೂರು ಕೆಲಸ ದಾಟಿ ಬಂದಿದೆ. ತಪ್ಪನ್ನು ಹೇಳುವುದಕ್ಕೂ ಒಂದು ರೀತಿ ಇದೆ. ಆದದ್ದೇನು, ಈಗ ವಸ್ತು ಎಲ್ಲಿದೆ, ಎಷ್ಟು ಹೊತ್ತಿನೊಳಗೆ ತೀರ್ಮಾನ ಬೇಕು ಎಂಬುದನ್ನು ಮೊದಲು ಹೇಳಿ. ‘ಅವನು ಹಾಗಂದ, ಇವನು ಬರಲಿಲ್ಲ’ ಎಂಬ ಪುರಾಣ ಕೇಳಿದರೆ ಮಾತ್ರ. ಫೋನಿನಲ್ಲಿಯೇ ಹೇಳಿ, ಸಂದೇಶ ಕಳುಹಿಸಿ ನೀಲಿ ಗುರುತಿಗೆ ಕಾಯುವುದು ತಿಳಿಸಿದಂತಲ್ಲ. ನಾಪೋಕ್ಲಿನಿಂದ ಆಚೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು.

ಹೆಜ್ಜೆ 4: ಕಲಿತದ್ದನ್ನು ಬೇರೆ ಊರಿನವರಿಗೆ ಅರ್ಥವಾಗುವಂತೆ ಹೇಳಿ

ಕೆಲವು ವರ್ಷಗಳ ಹಿಂದೆ ಗಾಳಿಬೀಡು ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ರವಾನೆ ವಿಭಾಗದ ಕೆಲಸಕ್ಕೆ ಬಂದಿದ್ದಳು. ಅರ್ಜಿಯಲ್ಲಿ ‘ಹೋಂಸ್ಟೇಯಲ್ಲಿ ಎರಡು ವರ್ಷ ಅನುಭವ, ಉತ್ತಮ ಸಂವಹನ ಕೌಶಲ’ ಎಂದಿತ್ತು. ಈ ಸಂವಹನ ಕೌಶಲ ಇಲ್ಲದ ಅರ್ಜಿಯನ್ನು ನಾನು ಇದುವರೆಗೆ ನೋಡಿಲ್ಲ. ಬದಿಗಿಡಬೇಕೆಂದುಕೊಂಡವನು ಸುಮ್ಮನೆ ಕೇಳಿದೆ: “ಜುಲೈ ತಿಂಗಳಲ್ಲಿ ಅಲ್ಲಿ ಏನು ಕೆಲಸವಮ್ಮ?”

ಅವಳು ಹೇಳಿದಳು. ಮಳೆಗಾಲದಲ್ಲಿ ಬರುವ ಬೆಂಗಳೂರಿನ ಅತಿಥಿಗಳು ಗೇಟಿನಲ್ಲಿಯೇ ಜಗಳ ತೆಗೆಯುತ್ತಿದ್ದರಂತೆ: ಕಾರು ಹೋಗುವುದಿಲ್ಲ, ಕರೆಂಟಿಲ್ಲ, ಕಾಲಿಗೆಲ್ಲ ಜಿಗಣೆ, ಹಣ ವಾಪಸ್ ಕೊಡಿ. ಅವಳು ಪ್ರತಿ ಬುಕಿಂಗಿಗೂ ಹಿಂದಿನ ಸಂಜೆಯೇ ಫೋನ್ ಮಾಡಿ ಕೊನೆಯ ಎರಡು ಕಿಲೋಮೀಟರ್ ಜೀಪಿನಲ್ಲಿ ಬರಬೇಕು, ರಾತ್ರಿ ಹತ್ತಕ್ಕೆ ಜನರೇಟರ್ ನಿಲ್ಲುತ್ತದೆ, ಜಿಗಣೆ ಇದ್ದೇ ಇದೆ ಎಂದು ಹೇಳಲು ಶುರು ಮಾಡಿದಳು. ಒಬ್ಬಿಬ್ಬರು ಬರುವುದನ್ನು ಬಿಟ್ಟರು. ಬಂದವರು ಜಗಳವಾಡಲಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಮಂಗಳೂರು ರಸ್ತೆ ಮುಚ್ಚಿಹೋದಾಗ, ಮಾಲೀಕರು ಹೇಳುವ ಮೊದಲೇ ಬುಕಿಂಗ್ ಪುಸ್ತಕ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿ ಹೊರಡಬೇಡಿ ಎಂದಿದ್ದಳು.

ರವಾನೆ ವಿಭಾಗಕ್ಕೆ ನನಗೆ ಬೇಕಾಗಿದ್ದುದು ಇದೇ: ಲಾರಿ ತಡವಾಗುತ್ತದೆ ಎಂದು ಗ್ರಾಹಕ ಕೇಳುವ ಮೊದಲು ತಿಳಿಸುವವರು. ಅವಳ ಅರ್ಜಿಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ಏಕೆ ಬರೆಯಲಿಲ್ಲ ಎಂದರೆ, “ಅದೆಲ್ಲ ಹೇಳುವಂಥದ್ದಾ ಸರ್?” ಎಂದಳು.

ಹೇಳುವಂಥದ್ದೇ. ನೋಟ್‌ಬುಕ್ ತೆರೆದು, ಐದು ಘಟನೆ ಆರಿಸಿಕೊಳ್ಳಿ. ಪ್ರತಿಯೊಂದನ್ನೂ ಕೊಡಗನ್ನೇ ನೋಡದವರಿಗೆ ಹೇಳುವಂತೆ ಎರಡು ವಾಕ್ಯದಲ್ಲಿ ಬರೆಯಿರಿ. ‘ಕಣ’, ‘ಬಟವಾಡೆ’, ‘ಒಟಿ’ ಎಂದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ‘70 ಕಾರ್ಮಿಕರ ದಿನದ ತೂಕ ದಾಖಲಿಸುವ ಸಮಯವನ್ನು 90 ನಿಮಿಷದಿಂದ 55ಕ್ಕೆ ಇಳಿಸಿದೆ, ಚೀಲಕ್ಕೆ ಮೊದಲೇ ಹೆಸರಿನ ಚೀಟಿ ಕಟ್ಟಿಸಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಉಬ್ಬಿಸಬೇಡಿ. ರೈಟರ್ ಆಗಿದ್ದವನು ‘ಕಾರ್ಯಾಚರಣೆ ವ್ಯವಸ್ಥಾಪಕ’ ಎಂದು ಬರೆದರೆ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಆಮೇಲೆ ಬರೆದದ್ದನ್ನು ಮನೆಯಲ್ಲಿ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ ನೋಡಿ. ಅಜ್ಜಿಯಾದರೆ ಒಳ್ಳೆಯದು, ಅರ್ಥವಾಗದಿದ್ದರೆ ಮುಲಾಜಿಲ್ಲದೆ ಹೇಳುತ್ತಾರೆ.

ಹೆಜ್ಜೆ 5: ರಜೆ ಕೇಳುವುದನ್ನು ಕಲಿಯಿರಿ

ನಗಬೇಡಿ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವುದು ನವೆಂಬರ್–ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲು ಜೋರಾಗಿರುವಾಗ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ, ಹೋಂಸ್ಟೇಗಳು ತುಂಬಿ ತುಳುಕುವಾಗ. ನಮ್ಮ ಸಂಭ್ರಮಗಳೆಲ್ಲ ಮಾಲೀಕರ ತುರ್ತಿನ ಮೇಲೆಯೇ ಬಂದು ಬೀಳುತ್ತವೆ. ಹಿಂದಿನ ರಾತ್ರಿ ಅಜ್ಜನಿಗೆ ಹುಷಾರಿಲ್ಲ ಎನ್ನುವವರಿದ್ದಾರೆ. ಒಂದೇ ಅಜ್ಜನಿಗೆ ವರ್ಷಕ್ಕೆ ಎಷ್ಟು ಸಲ ಹುಷಾರು ತಪ್ಪಬಹುದು? ಮೂರು ವಾರ ಮೊದಲೇ ಕೇಳಿ, ಜೊತೆಗೆ ಆ ದಿನ ನಿಮ್ಮ ಕೆಲಸ ಯಾರು ಮಾಡುತ್ತಾರೆ, ಬೀಗದ ಕೈ ಎಲ್ಲಿರುತ್ತದೆ ಎಂದು ಒಂದು ಚೀಟಿ ಬರೆದುಕೊಡಿ. ಇದನ್ನು ಅಭ್ಯಾಸ ಮಾಡಿಕೊಂಡವರಿಗೆ ಮುಂದೆ ದೊಡ್ಡ ಕಂಪನಿಗಳಲ್ಲಿ ಕೆಲಸ ಹಸ್ತಾಂತರಿಸುವುದನ್ನು ಯಾರೂ ಕಲಿಸಬೇಕಾಗುವುದಿಲ್ಲ.

ಹೆಜ್ಜೆ 6: ಕೆಲವನ್ನು ಅಲ್ಲಿಯೇ ಬಿಟ್ಟು ಬನ್ನಿ

ಮೊದಲ ಕೆಲಸ ಕಲಿಸುವುದೆಲ್ಲ ಒಳ್ಳೆಯದು ಎಂದು ಯಾರು ಹೇಳಿದರು? ನಾನು ತೋಟದಿಂದ ಎರಡು ಕೆಟ್ಟ ಅಭ್ಯಾಸ ಹೊತ್ತು ತಂದಿದ್ದೆ. ಒಂದು, ಎಲ್ಲದಕ್ಕೂ ‘ಆಗಲಿ ಸರ್’ ಎನ್ನುವುದು. ಸಾಹುಕಾರರ ಎದುರು ‘ಆಗುವುದಿಲ್ಲ’ ಎನ್ನುವ ರೂಢಿ ಅಲ್ಲಿರಲಿಲ್ಲ. ಮೈಸೂರಿನಲ್ಲಿ ಒಂದೇ ದಿನಕ್ಕೆ ಮೂರು ರವಾನೆಗೆ ‘ಆಗಲಿ’ ಎಂದು, ಒಂದನ್ನೂ ಸರಿಯಾಗಿ ಕಳುಹಿಸಲಾಗದೆ ಬೆವರಿದೆ. ಇನ್ನೊಂದು, ಸಣ್ಣಪುಟ್ಟ ಖರ್ಚಿಗೆ ಸ್ವಂತ ಜೇಬಿನಿಂದ ಕೊಟ್ಟು ಆಮೇಲೆ ಹೊಂದಿಸಿಕೊಳ್ಳುವುದು. ತೋಟದಲ್ಲಿ ಅದು ನಂಬಿಕೆ; ಲೆಕ್ಕಪರಿಶೋಧಕರ ಮುಂದೆ ಅದು ಗೋಲ್‌ಮಾಲ್. ಎರಡನೆಯ ಕೆಲಸ ಸೇರಿದ ಮೊದಲ ತಿಂಗಳು, ಹಳೆಯ ಕೈರೂಢಿಯಿಂದ ಮಾಡಿ ಸಿಕ್ಕಿಬಿದ್ದದ್ದನ್ನೂ ನೋಟ್‌ಬುಕ್ಕಿಗೆ ಹಾಕಿ.

ಹೆಜ್ಜೆ 7: ಕಾಗದಗಳು

ಚುಟುಕಾಗಿ ಹೇಳುತ್ತೇನೆ, ಬೇಸರದ ವಿಷಯ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 12 ನಿಮ್ಮಿಂದ ಕಡಿತವಾಗುತ್ತದೆ, ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ. ಆಗ ಸಿಗುವ ಯುಎಎನ್, ಅಂದರೆ ಭವಿಷ್ಯನಿಧಿಯ ನಿಮ್ಮ ಗುರುತಿನ ಸಂಖ್ಯೆ, ಜೀವನಪೂರ್ತಿ ಒಂದೇ. ಹೊಸ ಕಡೆ ಸೇರುವಾಗ ಅದನ್ನೇ ಕೊಡಿ, ಇನ್ನೊಂದು ಮಾಡಿಸಬೇಡಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಅದಕ್ಕೆ ಹೊಂದುತ್ತವೆಯೇ ಎಂದು ಮೊದಲ ತಿಂಗಳೇ ನೋಡಿ. ಮನೆತನದ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಬರೆಸಿರುವ ನಮ್ಮವರಿಗೆ ಇದು ದೊಡ್ಡ ತಲೆನೋವು.

ಕೆಲಸ ಬಿಟ್ಟ ಕೂಡಲೇ ಆ ಹಣ ತೆಗೆದು ಬೈಕಿಗೆ ಹಾಕುವವರೇ ಹೆಚ್ಚು. ಐದು ವರ್ಷದ ನಿರಂತರ ಸೇವೆ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಗೆ ಒಳಪಡುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಹಳೆಯ ಕೆಲಸದ ವರ್ಷಗಳೂ ಅದಕ್ಕೆ ಸೇರುತ್ತವೆ. ಹೊಸ ಖಾತೆಗೆ ವರ್ಗಾಯಿಸಿ ಸುಮ್ಮನಿರಿ.

ಸಣ್ಣ ತೋಟ, ನಾಲ್ಕು ಕೋಣೆಯ ಹೋಂಸ್ಟೇಗಳಲ್ಲಿ ನೇಮಕಾತಿ ಪತ್ರವೇ ಇರುವುದಿಲ್ಲ. ಅಲ್ಲಿ ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಲು ಕೇಳಿ, ಅದೇ ಸಾಕ್ಷಿ. ಬಿಡುವಾಗ ಅನುಭವ ಪತ್ರವನ್ನು ನೀವೇ ಸಿದ್ಧಮಾಡಿಕೊಂಡು ಹೋಗಿ: ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ. ಮಾಲೀಕರಿಗೆ ಬರೆಯುವುದು ಬೇಜಾರು, ಸಹಿ ಹಾಕುವುದಲ್ಲ.

ಹೆಜ್ಜೆ 8: ಬಿಡುವ ಹೊತ್ತು

ನಡು ಕೊಯ್ಲಿನಲ್ಲಿ ಕೆಲಸ ಬಿಡಬೇಡಿ. ಕೊಡಗು ಸಣ್ಣ ಊರು. ಸೋಮವಾರಪೇಟೆಯಲ್ಲಿ ಕೈಕೊಟ್ಟವನ ಸುದ್ದಿ ಅವನಿಗಿಂತ ಮೊದಲು ವಿರಾಜಪೇಟೆ ತಲುಪಿರುತ್ತದೆ. ಸಂಬಳ ಕೊಡದವರು, ಮರ್ಯಾದೆಯಿಲ್ಲದೆ ನಡೆಸಿಕೊಳ್ಳುವವರು ಬೇರೆ ಮಾತು, ಅಲ್ಲಿ ಕಾಯುವ ಅಗತ್ಯವಿಲ್ಲ. ಉಳಿದೆಡೆ ಋತುವಿನ ಲೆಕ್ಕ ಮುಗಿಸಿ, ಒಂದು ತಿಂಗಳು ಮೊದಲು ತಿಳಿಸಿ, ಮುಂದೆ ಬರುವವರಿಗಾಗಿ ಒಂದು ಪುಸ್ತಕ ಬರೆದಿಡಿ. ಯಾವ ಕೆಲಸ ಯಾವ ತಿಂಗಳು, ಯಾರಿಗೆ ಯಾವಾಗ ಫೋನ್ ಮಾಡಬೇಕು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಕೆಟ್ಟರೆ ಯಾರನ್ನು ಕರೆಯಬೇಕು, ಯಾವ ಬಾಕಿ ಯಾರಿಂದ ಬರಬೇಕು. ಎರಡು ಭಾನುವಾರದ ಕೆಲಸ.

ನಾನು ಬಿಟ್ಟದ್ದು ಮೇ ತಿಂಗಳಲ್ಲಿ. ನವೆಂಬರಿನ ಒಂದು ಬೆಳಿಗ್ಗೆ ಮೈಸೂರಿನ ಬಸ್ಸಿನಲ್ಲಿ ನಿಂತಿದ್ದಾಗ ಹೊಸ ರೈಟರ್ ಫೋನ್ ಮಾಡಿದ. ಹಿಂದಿನ ಗೋಡೌನಿನ ಬೀಗದ ಕೈ ಸಿಗುತ್ತಿಲ್ಲವಂತೆ, ಹೊರಗೆ ಆಳುಗಳು ಕಾಯುತ್ತಿದ್ದಾರಂತೆ.

“ಹನ್ನೊಂದನೆಯ ಪುಟ ನೋಡಿದೆಯಾ?” ಎಂದೆ.

ಪುಟ ತಿರುಗಿಸುವ ಸದ್ದು ಕೇಳಿಸಿತು. ಆಮೇಲೆ, “ಸಿಕ್ಕಿತಣ್ಣ.”